ಡೆಟ್ರಾಯಿಟ್‌ನ ಆರು ಗಂಟೆ

ಶನಿವಾರ ಸಂಜೆ ಐದು ಗಂಟೆಗೆ ಎಲ್ಲ ಕೆಟ್ಟಿತು. ಐದು ಎಂದರೆ ಶಿಕಾಗೋದ ಐದು. ನನ್ನ ಕೈಗಡಿಯಾರದಲ್ಲಿ ಆಗ ಆರು. ನಾನು ಮಿಶಿಗನ್ನಿನವಳು, ಮೂರು ದಿನಕ್ಕೆಂದು ಬಂದವಳು ಮುಳ್ಳು ತಿರುಗಿಸುವ ಗೋಜಿಗೆ ಹೋಗಿರಲಿಲ್ಲ. ಮನಸ್ಸಿನಲ್ಲೇ ಒಂದು ಗಂಟೆ ಕಳೆದು ಲೆಕ್ಕ ಹಾಕುತ್ತಿದ್ದೆ. ಕಳೆಯದೆ ಇದ್ದವನೊಬ್ಬ ಗೋಡೆಯ ಆಚೆ ಇದ್ದ.

ಶಿಕಾಗೋಗೆ ಅಂಟಿದ ಡೆಸ್ ಪ್ಲೇನ್ಸ್‌ನಲ್ಲಿ ವಿಮಾನ ನಿಲ್ದಾಣದ ಪಕ್ಕದ ಹೋಟೆಲ್ ಅದು. ಅಲ್ಲಿನ ಒಂದು ಕೋಣೆಯಲ್ಲಿ ಶೋಗಿಯ ಪಟ್ಟಕ್ಕಾಗಿ ನಡೆಯುವ ಸರಣಿಯ ಮೊದಲ ಪಂದ್ಯ ನಡೆದಿತ್ತು. ಶೋಗಿ ಎಂದರೆ ಜಪಾನಿನವರ ಚದುರಂಗ. ಏಳರಲ್ಲಿ ನಾಲ್ಕು ಪಂದ್ಯ ಗೆದ್ದವರಿಗೆ ಪಟ್ಟ. ಒಂದೊಂದು ಪಂದ್ಯಕ್ಕೂ ಎರಡು ದಿನ. ಎಲ್ಲವನ್ನೂ ಜಪಾನಿನಲ್ಲೇ ಆಡುತ್ತಾರೆ, ಅಪರೂಪಕ್ಕೊಮ್ಮೆ ಮೊದಲನೆಯದನ್ನು ಮಾತ್ರ ಹೊರದೇಶದಲ್ಲಿ ಇಡುತ್ತಾರೆ. ಆ ವರ್ಷ ಅದನ್ನು ಇಲ್ಲಿಗೆ ಬರುವಂತೆ ಮಾಡಿದವರಲ್ಲಿ ನನ್ನ ಬಾಸ್ ಒಬ್ಬರು. ಡೆಟ್ರಾಯಿಟ್ ಪಕ್ಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಜಪಾನಿ ಕಂಪನಿಯೊಂದರಲ್ಲಿ ನಾನು ಇಂಜಿನಿಯರ್, ಅವರು ನಮ್ಮ ವಿಭಾಗದ ಮುಖ್ಯಸ್ಥರು. ಊಟದ ಬಿಡುವಿನಲ್ಲಿ ಶೋಗಿ ಕಲಿಸಿದವರೂ ಅವರೇ.

ಕಲಿಯುವುದು ನನಗೆ ಕಷ್ಟವಾಗಲಿಲ್ಲ. ಹೊಸಪೇಟೆಯಲ್ಲಿ ಅಬ್ಬಾನ ಸೈಕಲ್ ಅಂಗಡಿಯ ಕಟ್ಟೆಯ ಮೇಲೆ ಚದುರಂಗ ಆಡಿ ಬೆಳೆದವಳು ನಾನು. ಜಪಾನಿ ಅಕ್ಷರ ಬರೆದ ಚಪ್ಪಟೆ ಕಾಯಿಗಳಿಗೆಲ್ಲ ನಾನು ಅಬ್ಬಾನ ಹೆಸರುಗಳನ್ನೇ ಇಟ್ಟುಕೊಂಡೆ. ನೇರ ಓಡುವುದು ಆನೆ, ಓರೆ ಓಡುವುದು ಒಂಟೆ, ಮುಂದಿನ ಸಾಲು ಕಾಲಾಳು. ರಾಜನ ಅಕ್ಕಪಕ್ಕ ಕಾಯುವ ಚಿನ್ನ, ಬೆಳ್ಳಿಗಳಿಗೆ ಮಾತ್ರ ಅವರ ಹೆಸರೇ ಉಳಿಯಿತು. ಒಂದು ಸಂಗತಿ ಅಬ್ಬಾನ ಆಟದಲ್ಲಿ ಇರಲಿಲ್ಲ. ಇಲ್ಲಿ ಹೊಡೆದ ಕಾಯಿ ಸಾಯುವುದಿಲ್ಲ. ಹೊಡೆದವರ ಕೈ ಸೇರುತ್ತದೆ, ಅವರು ಅದನ್ನು ತಮ್ಮ ಸೈನಿಕನಾಗಿ ಖಾಲಿ ಮನೆಯಲ್ಲಿ ಇಳಿಸಬಹುದು. ಹಾಗಾಗಿ ಆಟ ಮುಗಿಯುತ್ತ ಬಂದಂತೆ ಮಣೆ ಬರಿದಾಗುವುದಿಲ್ಲ. ಅಪಾಯ ಹೆಚ್ಚುತ್ತ ಹೋಗುತ್ತದೆ.

ಪಟ್ಟದಲ್ಲಿದ್ದವರು ಐವತ್ತು ದಾಟಿದ ಹಿರಿಯರು. ಒಂದು ಕಾಲಕ್ಕೆ ಅವರ ಬಳಿ ಹಲವು ಪಟ್ಟಗಳಿದ್ದವು, ಒಂದೊಂದಾಗಿ ಕಿರಿಯರ ಪಾಲಾಗಿ ಇದೊಂದು ಉಳಿದಿತ್ತು. ಇದೂ ಹೋದರೆ ಆ ವಯಸ್ಸಿನಲ್ಲಿ ಇನ್ನೊಂದು ಸಿಗುವುದಿಲ್ಲ ಎಂದು ಬಾಸ್ ಹೇಳಿದ್ದರು. ಎದುರಾಳಿಗೆ ಇಪ್ಪತ್ತರ ಮೇಲೆ ಒಂದೆರಡು ವರ್ಷ. ಗಡ್ಡ ಸರಿಯಾಗಿ ಬಂದಿರಲಿಲ್ಲ.

ಜಪಾನಿನಿಂದ ಬಂದವರಿಗೆ ಬೇಕಾದದ್ದನ್ನು ಹೋಟೆಲಿನವರಿಂದ ಮಾಡಿಸಿಕೊಡುವುದು ನನ್ನ ಕೆಲಸ. ಕೋಣೆಯನ್ನು ಆರಿಸಿದವರು ಬಾಸ್. ಬೇಸಿಗೆಯಲ್ಲೇ ಬಂದು ಒಂದು ಮಧ್ಯಾಹ್ನ ಪೂರ್ತಿ ಆ ಕೋಣೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು, ತಲೆಯ ಮೇಲೆ ಹಾರುವ ವಿಮಾನಗಳು ಕೇಳಿಸುತ್ತವೆಯೇ ಎಂದು. ಒಂದೂ ಕೇಳಿಸಲಿಲ್ಲ. ಪಕ್ಕದ ದೊಡ್ಡ ಹಾಲ್ ಎರಡೂ ದಿನ ಖಾಲಿ ಇರುತ್ತದೆ ಎಂದು ಹೋಟೆಲಿನ ಮ್ಯಾನೇಜರ್ ಮಾತು ಕೊಟ್ಟ. ಗುರುವಾರ ನಾವು ಬಂದು ಇಳಿದರೆ ಆ ಹಾಲಿನ ಬಾಗಿಲಲ್ಲಿ ಬೋರ್ಡು: ಶನಿವಾರ ಸಂಜೆ, ದೀಪಾವಳಿ. ಅದರ ಕೆಳಗೆ ನಮ್ಮ ಕನ್ನಡದವರ ಸಂಘದ ಹೆಸರು.

ಬೋರ್ಡು ನೋಡಿ ಬಾಸ್ ಬಿಳಿಚಿಕೊಂಡರು. ನಾನು ನಕ್ಕೆ. ನಮ್ಮವರೇ, ಮಾತಾಡಿದರಾಯಿತು ಎಂದೆ. ಸಂಘದ ಕಾರ್ಯದರ್ಶಿ ಲೈಲ್‌ನಲ್ಲಿದ್ದ ಬೆಂಗಳೂರಿನ ಹಿರಿಯರೊಬ್ಬರು, ಎಲ್ಲರಿಗೂ ಅಂಕಲ್. ಫೋನಿನಲ್ಲಿ ಎಲ್ಲ ವಿವರಿಸಿದೆ. ಶನಿವಾರ ಸಂಜೆ ಆರರವರೆಗೆ ಹಾಲಿನಲ್ಲಿ ಮೈಕು, ಹಾಡು, ತಬಲ ಯಾವುದೂ ಬೇಡ, ಅಷ್ಟರಲ್ಲಿ ಪಂದ್ಯ ಮುಗಿದಿರುತ್ತದೆ ಎಂದೆ.

ಅಂಕಲ್ ಜೋರಾಗಿ ನಕ್ಕರು. "ಅಯ್ಯೋ, ನಮ್ಮೋರು ನಿಮಗೆ ಗೊತ್ತಿಲ್ವೇನಮ್ಮಾ? ಆರಕ್ಕೆ ಅಂತ ಕರ್ದಿದೀವಿ ಅಂದ್ರೆ ಏಳೂವರೆಗೆ ಪಾರ್ಕಿಂಗ್ ಲಾಟ್‌ನಲ್ಲಿ ಮೊದಲ್ನೇ ಕಾರು ಕಾಣ್ಸುತ್ತೆ. ಆರು ತನಕ ಒಂದು ಸೊಳ್ಳೆನೂ ಗುಂಯ್ ಅನ್ನಲ್ಲ. ನನ್ನ ಮಾತು."

"ಸೌಂಡ್‌ನವರಿಗೂ ಹೇಳ್ತೀರಲ್ಲಾ ಅಂಕಲ್?"

"ಹೇಳ್ದೆ ಅಂತ್ಲೇ ಇಟ್ಕೊಳಿ."

ಹೇಳ್ದೆ ಅಂತ್ಲೇ ಇಟ್ಕೊಳಿ. ಈ ಮಾತನ್ನು ನಾನು ಆಮೇಲೆ ಎಷ್ಟು ಸಲ ಜಗಿದಿದ್ದೇನೋ.

ಶುಕ್ರವಾರ ಬೆಳಿಗ್ಗೆ ಆಟ ಶುರುವಾಯಿತು. ಹಿರಿಯರು ಆನೆಯನ್ನು ಎಡಕ್ಕೆ ಸರಿಸಿ ರಾಜನನ್ನು ಬಲಕ್ಕೆ ಕಳಿಸಿದರು. ಅದು ಅವರ ಹಳೆಯ ವಾಡಿಕೆ. ಹಗುರವಾದ ಕೋಟೆ, ಎರಡು ಚಿನ್ನ, ಒಂದು ಬೆಳ್ಳಿ, ಮನೆ ಮುಂದಿನ ಅಂಗಳದಷ್ಟು ಗಾಳಿ. ತರುಣ ತನ್ನ ರಾಜನನ್ನು ಮೂಲೆಯ ತುದಿಮನೆಗೆ ಕೊಂಡೊಯ್ದು ಸುತ್ತ ಚಿನ್ನ ಬೆಳ್ಳಿಗಳನ್ನು ಪೇರಿಸತೊಡಗಿದ. ಗುಹೆ ಎನ್ನುತ್ತಾರೆ ಅದಕ್ಕೆ. ಆ ಗುಹೆ ಪೂರ್ತಿಯಾದರೆ ಒಡೆಯುವುದು ಬಹಳ ಕಷ್ಟ. ಆದರೆ ಪೂರ್ತಿಯಾಗಲು ಅನೇಕ ಸರದಿ ಬೇಕು, ಅಷ್ಟು ಹೊತ್ತು ಉಳಿದ ಮಣೆ ಕಾವಲಿಲ್ಲದೆ ಬಿದ್ದಿರುತ್ತದೆ.

ಹಿರಿಯರು ಕಾಯಲಿಲ್ಲ. ಅದು ಮೊದಲ ತಿರುವು. ತಮ್ಮ ಕೋಟೆಯನ್ನು ಅರ್ಧಕ್ಕೆ ಬಿಟ್ಟು ಬೆಳ್ಳಿಯನ್ನು ನಡುಮಣೆಗೆ ನುಗ್ಗಿಸಿದರು. ವೀಕ್ಷಕರ ಕೋಣೆಯಲ್ಲಿ ದೊಡ್ಡ ಪ್ರದರ್ಶನ ಮಣೆಯ ಮುಂದೆ ನಿಂತಿದ್ದ ಬಾಸ್, "ಈ ವಯಸ್ಸಿನಲ್ಲಿ ಹೀಗೆ ಆಡುತ್ತಾರಲ್ಲ" ಎಂದರು. ಹೆಮ್ಮೆಯಿಂದಲೇ ಎಂದರು.

ಎರಡನೆಯ ತಿರುವು ಶನಿವಾರ ಊಟದ ನಂತರ. ಹಿರಿಯರು ತಮ್ಮ ಆನೆಯನ್ನೇ ಕೊಟ್ಟು ಒಂಟೆ ಮತ್ತು ಒಂದು ಬೆಳ್ಳಿ ತೆಗೆದುಕೊಂಡರು. ಹೊರನೋಟಕ್ಕೆ ನಷ್ಟ. ಆದರೆ ಹಾಗೆ ಬಂದ ಬೆಳ್ಳಿಯನ್ನು ಗುಹೆಯ ಗೋಡೆಗೆ ಒತ್ತಿ ಇಳಿಸಿದಾಗ ಒಂದು ಚಿನ್ನ ಕಿತ್ತು ಬಂತು. ಗೋಡೆ ಬಿರುಕು ಬಿಟ್ಟಿತು. ಅವರಿಗೆ ಇನ್ನೊಂದೇ ಒಂದು ಸರದಿ ಬಿಡುವು ಸಿಕ್ಕರೆ ತರುಣನ ರಾಜ ಗುಹೆಯೊಳಗೇ ಮುಗಿಯುತ್ತಿತ್ತು. ಆ ಬಿಡುವನ್ನು ಕೊಡದಿರಲು ತರುಣ ಸರದಿಗೊಮ್ಮೆ ಹಿರಿಯರ ರಾಜನಿಗೇ ಗುರಿಯಿಟ್ಟು ಶಹ ಕೊಡುತ್ತ ಬಂದ. ಹಿರಿಯರ ರಾಜ ಕೋಟೆ ಬಿಟ್ಟು ಓಡತೊಡಗಿತು.

ಆ ಹೊತ್ತಿಗೆ ಹಿರಿಯರ ಸಮಯವೆಲ್ಲ ಮುಗಿದಿತ್ತು. ಇನ್ನು ಪ್ರತಿ ನಡೆಗೂ ಒಂದೇ ನಿಮಿಷ. ಆಟದ ದಾಖಲೆ ಬರೆಯುವ ಹುಡುಗಿ ಪಕ್ಕದಲ್ಲಿ ಕೂತು ಮೆಲುದನಿಯಲ್ಲಿ ಮೂವತ್ತು, ನಲವತ್ತು, ಐವತ್ತು ಎನ್ನುತ್ತಾಳೆ. ಐವತ್ತರ ನಂತರ ಒಂದು, ಎರಡು, ಮೂರು ಎಂದು ಬಿಡಿಯಾಗಿ ಎಣಿಸುತ್ತಾಳೆ. ಹತ್ತು ಎನ್ನುವ ಮೊದಲು ಕಾಯಿ ಮಣೆ ಮುಟ್ಟಿರಬೇಕು, ಇಲ್ಲದಿದ್ದರೆ ಸೋಲು. ಬಿಡಿ ಎಣಿಕೆ ಕೇಳಿದರೆ ಕೈ ಚಾಚಬೇಕು ಎಂಬುದು ಅವರ ಮೈಗೆ ಮೂವತ್ತು ವರ್ಷಗಳಿಂದ ಕೂತ ಪಾಠ. ಕೊನೆಯ ಭಾಗ ನೋಡಲು ನನಗೂ ಬಾಸ್‌ಗೂ ಕೋಣೆಯೊಳಗೆ ಗೋಡೆಗೆ ಒರಗಿ ಕೂರಲು ಅನುಮತಿ ಸಿಕ್ಕಿತ್ತು.

ತರುಣ ತನ್ನ ಕೈಯಲ್ಲಿದ್ದ ಕೊನೆಯ ಬೆಳ್ಳಿಯನ್ನು ಇಳಿಸಿ ಶಹ ಕೊಟ್ಟ. ಅವನ ಕೈಯಲ್ಲಿ ಉಳಿದದ್ದು ಒಂದು ಕಾಲಾಳು. ಹಿರಿಯರ ರಾಜನಿಗೆ ಎರಡೇ ದಾರಿ: ಮಣೆಯ ಅಂಚಿಗೆ, ಇಲ್ಲವೇ ಮೇಲಕ್ಕೆ, ಶತ್ರುವಿನ ಆನೆಯ ಬಾಯಿಯ ಹತ್ತಿರಕ್ಕೆ. ಅಂಚು ಸುರಕ್ಷಿತವಾಗಿ ಕಾಣುತ್ತಿತ್ತು, ಮೇಲಿನ ಮನೆ ಸಾವಿನಂತೆ. ನಿಜ ತಿರುವು ಮುರುವು. ಶೋಗಿಯಲ್ಲಿ ಒಂದು ನಿಯಮವಿದೆ. ಕೈಯಲ್ಲಿರುವ ಕಾಲಾಳನ್ನು ಇಳಿಸಿ ರಾಜನನ್ನು ಮಾತ್ ಮಾಡುವಂತಿಲ್ಲ. ಬೇರೆ ಯಾವ ಕಾಯಿಯನ್ನಾದರೂ ಇಳಿಸಿ ಕೊಲ್ಲಬಹುದು, ಕಾಲಾಳಿನಿಂದ ಕೂಡದು. ಮೇಲಿನ ಮನೆಗೆ ಹೋಗಿದ್ದರೆ ಮುಂದೆ ತರುಣನಿಗೆ ಉಳಿಯುತ್ತಿದ್ದದ್ದು ಅದೊಂದೇ ಏಟು, ಅದು ನಿಷಿದ್ಧ. ಹಿರಿಯರ ರಾಜ ಶತ್ರುವಿನ ನಡುವೆ, ಒಂದು ನಿಯಮದ ನೆರಳಿನಲ್ಲಿ ಬದುಕಿ ನಿಲ್ಲುತ್ತಿತ್ತು. ಅಂಚಿನಲ್ಲಾದರೋ ಒಂದು ಚಿನ್ನ ತರುಣನ ಕೈಗೆ ಬೀಳುತ್ತಿತ್ತು, ಚಿನ್ನಕ್ಕೆ ಆ ನಿಷೇಧವಿಲ್ಲ.

ಇದೆಲ್ಲ ಆಗ ನನಗೆ ಗೊತ್ತಿರಲಿಲ್ಲ. ಹಿರಿಯರು ಮೇಲಿನ ಮನೆಯನ್ನೇ ನೋಡುತ್ತಿದ್ದರು ಎಂಬುದು ಮಾತ್ರ ಕಾಣುತ್ತಿತ್ತು. ತುಟಿ ಸಣ್ಣಗೆ ಅಲುಗುತ್ತಿತ್ತು. ಹುಡುಗಿ "ನಲವತ್ತು" ಎಂದಳು.

ಆಗ ಗೋಡೆ ಮಾತಾಡಿತು. "ಹಲೋ, ಹಲೋ, ಮೈಕ್ ಟೆಸ್ಟಿಂಗ್! ಒನ್! ಟೂ! ತ್ರೀ! ಫೋರ್!"

ಹಿರಿಯರ ಭುಜ ಒಮ್ಮೆ ಅದುರಿತು. ಕೈ ತಾನಾಗಿ ಹೋಯಿತು. ರಾಜ ಅಂಚಿನ ಮನೆಯಲ್ಲಿ ಕೂತಿತು. ಇನ್ನೂ ಹತ್ತು ಹದಿನೈದು ಸೆಕೆಂಡು ಬಾಕಿಯಿತ್ತು. ಬೆರಳು ತೆಗೆದ ಮೇಲೆ ಅವರು ಹುಡುಗಿಯ ಕಡೆ ನೋಡಿದರು. ಅವಳು ಎಣಿಕೆ ನಿಲ್ಲಿಸಿ ಬಾಯಿ ತೆರೆದು ಕೂತಿದ್ದಳು. ಹಿರಿಯರು ಮತ್ತೆ ಮಣೆ ನೋಡಿದರು, ಕನ್ನಡಕ ತೆಗೆದು ಒರೆಸಿದರು. ಆ ಒರೆಸುವಿಕೆ ನನ್ನ ಕಣ್ಣ ಮುಂದಿನಿಂದ ತಿಂಗಳುಗಟ್ಟಲೆ ಹೋಗಲಿಲ್ಲ.

ನಾನು ಎದ್ದು ಓಡಿದೆ. ಹಾಲಿನ ವೇದಿಕೆಯ ಮೇಲೆ ಮೈಕು ಹಿಡಿದ ಒಬ್ಬ ಯುವಕ, ಸುತ್ತ ಆಳೆತ್ತರದ ಸ್ಪೀಕರುಗಳು. ಹೊಸಪೇಟೆಯ ಬಾಯಿ ಬಿಟ್ಟುಹೋಗಿ ವರ್ಷಗಳಾಗಿದ್ದವು ಎಂದುಕೊಂಡಿದ್ದೆ. ಆ ಕ್ಷಣ ಅದು ಪೂರ್ತಿ ವಾಪಸು ಬಂತು.

"ಏ ಬಂದ್ ಮಾಡೋ ಅದನ್ನ! ಯಾವ ಹೊತ್ತಿನ್ಯಾಗ ಏನ್ ಹಚ್ಚೀಯೋ? ಆರರ ತನಕ ಬ್ಯಾಡ ಅಂತ ಹೇಳಿಲ್ಲೇನ್ ನಿನಗ?"

ಅವನು ಹೆದರಿ ಕೈಗಡಿಯಾರ ಮುಂದೆ ಹಿಡಿದ. "ಆರಾಯ್ತಲ್ಲಕ್ಕಾ. ಆರಕ್ಕೆ ಶುರು ಮಾಡು ಅಂದಿದ್ರು. ನೋಡಿ, ಆರೂ ಒಂದು."

ನೋಡಿದೆ. ಆರೂ ಒಂದು. ನನ್ನ ಗಡಿಯಾರದಲ್ಲೂ ಆರೂ ಒಂದು.

"ಎಲ್ಲಿಂದ ಬಂದೀಯೋ ತಮ್ಮಾ?"

"ಡೆಟ್ರಾಯ್ಟ್‌ನಿಂದ ಅಕ್ಕಾ. ಬೆಳಿಗ್ಗೆನೇ ಡ್ರೈವ್ ಮಾಡ್ಕೊಂಡು ಬಂದೆ."

ಜೀವಮಾನದಲ್ಲಿ ಒಂದೇ ಒಂದು ಸಲ ನಮ್ಮವನೊಬ್ಬ ಹೇಳಿದ ಸಮಯಕ್ಕೆ ಸರಿಯಾಗಿ ಕೆಲಸ ಶುರು ಮಾಡಿದ್ದ, ಅದೂ ತಪ್ಪು ಊರಿನ ಸಮಯಕ್ಕೆ. ಅವನ ಮೇಲೆ ನನಗೆ ಸಿಟ್ಟು ನಿಲ್ಲಲಿಲ್ಲ. ಪಕ್ಕದ ಕೋಣೆಯಲ್ಲಿ ಏನಿದೆ, ಆರು ಎಂದರೆ ಯಾಕೆ ಆರು ಎಂದು ಅವನಿಗೆ ಯಾರೂ ಹೇಳಿರಲೇ ಇಲ್ಲ. ಹೇಳ್ದೆ ಅಂತ್ಲೇ ಇಟ್ಟುಕೊಂಡಿದ್ದರು.

ಅಷ್ಟರಲ್ಲಿ ಅಂಕಲ್ ಬಂದರು. ರೇಷ್ಮೆ ಜುಬ್ಬಾ, ಕೈಯಲ್ಲಿ ಸೇವಂತಿಗೆ ಹಾರಗಳ ಚೀಲ. "ಏನಮ್ಮಾ ಗಲಾಟೆ? ಏನಾಯ್ತು ಈಗ?"

ಹೇಳಿದೆ. ಉಸಿರು ಸಿಗದೆ ಹೇಳಿದೆ.

"ಓ, ಅಷ್ಟೇನಾ? ನಾಲ್ಕು ಸಲ ಒನ್ ಟೂ ತ್ರೀ ಅಂದಿದ್ದಕ್ಕೆ ಆಟ ಕೆಟ್ಟೋಯ್ತಾ? ನಮ್ಮಜ್ಜಿ ಮದ್ವೆ ಮನೇಲಿ ವಾಲಗದ ಪಕ್ಕ ಕೂತ್ಕೊಂಡು ಚೌಕಾಬಾರ ಆಡ್ತಿದ್ರು ಕಣಮ್ಮಾ, ಒಂದು ಕವಡೆ ತಪ್ತಿರ್ಲಿಲ್ಲ." ಅವರ ಹಿಂದೆ ಇದ್ದ ಇಬ್ಬರು ನಕ್ಕರು. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳೋಕೆ ಹೇಳಿ ಅವರಿಗೆ. ಮುಗಿದ ಮೇಲೆ ಎಲ್ಲರ್ನೂ ಕರ್ಕೊಂಡ್ ಬನ್ನಿ, ಬಿಸಿಬೇಳೆಬಾತ್ ಜಾಸ್ತಿನೇ ಮಾಡ್ಸಿದೀವಿ."

ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಮೂರು ಜನರ ಸೀಟಿನಲ್ಲಿ ನಾಲ್ಕನೆಯವರಾಗಿ ಕೂರುವಾಗ ಇದು ಒಳ್ಳೆಯ ಮಾತು. ನಾನೂ ಎಷ್ಟೋ ಬಸ್ಸುಗಳಲ್ಲಿ ಅದರಿಂದ ಬದುಕಿದವಳೇ. ಆದರೆ ನಮ್ಮವರು ಇದನ್ನು ಯಾವಾಗಲೂ ಜಾಗ ಕಳೆದುಕೊಂಡವನಿಗೇ ಹೇಳುತ್ತಾರೆ. ಕಾಲು ತುಳಿದವನು ಹೇಳುತ್ತಾನೆ, ತುಳಿಸಿಕೊಂಡವನು ಅಡ್ಜಸ್ಟ್ ಮಾಡಿಕೊಳ್ಳಬೇಕು. ನಾನು ಅಂಕಲ್‌ಗೆ ಏನೋ ಹೇಳಬೇಕೆಂದು ಬಾಯಿ ತೆರೆದೆ. ಅವರು ಆಗಲೇ ಯಾರಿಗೋ ರಂಗೋಲಿ ಎಲ್ಲಿ ಹಾಕಬೇಕೆಂದು ತೋರಿಸುತ್ತಿದ್ದರು.

ವಾಪಸು ಬಂದಾಗ ಪಂದ್ಯದ ಮೇಲ್ವಿಚಾರಕರು ಗಡಿಯಾರ ನಿಲ್ಲಿಸಿ, ಸದ್ದು ಅಡಗಿದೆಯೆಂದು ಖಚಿತಪಡಿಸಿಕೊಂಡು, ಮತ್ತೆ ಶುರು ಮಾಡಿಸಿದ್ದರು. ನಡೆಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಮಾತೇ ಇಲ್ಲ. ಹಿರಿಯರು ಕೇಳಲೂ ಇಲ್ಲ. ಮುಟ್ಟಿದ್ರ ಆಡಬೇಕು ಎನ್ನುತ್ತಿದ್ದರು ಅಬ್ಬಾ, ಏಳು ವರ್ಷದ ಮಗಳಿಗೂ ಬಿಡುತ್ತಿರಲಿಲ್ಲ. ತರುಣ ಚಿನ್ನ ಹೊಡೆದ, ಅದನ್ನೇ ಇಳಿಸಿದ. ಸ್ವಲ್ಪ ಹೊತ್ತಿಗೆ ಹಿರಿಯರು ತಲೆಬಾಗಿ ಸೋತೆ ಎಂದರು.

ಸೋತವರೂ ಗೆದ್ದವರೂ ಕೂಡಲೇ ಕೂತು ಇಡೀ ಆಟವನ್ನು ಮತ್ತೆ ಆಡಿ ನೋಡುವುದು ಅವರ ಪದ್ಧತಿ. ಹಿರಿಯರು ಕಾಯಿಗಳನ್ನು ಆ ಸ್ಥಿತಿಗೆ ತಂದು, ರಾಜನನ್ನು ಮೇಲಿನ ಮನೆಗೆ ಇಟ್ಟು ತರುಣನ ಮುಖ ನೋಡಿದರು. ಅವನು ಬಹಳ ಹೊತ್ತು ನೋಡಿ, ಕಾಲಾಳನ್ನು ಎತ್ತಿ ಹಿಡಿದು, ಮತ್ತೆ ಕೆಳಗಿಟ್ಟ. "ನನ್ನ ಬಳಿ ಇದೊಂದೇ ಇರುತ್ತಿತ್ತು" ಎಂದನಂತೆ. ಬಾಸ್ ನನ್ನ ಕಿವಿಯಲ್ಲಿ ಇಂಗ್ಲಿಷಿಗೆ ತಂದರು. ಪತ್ರಕರ್ತನೊಬ್ಬ ಸದ್ದಿನ ಬಗ್ಗೆ ಕೇಳಿದ. ಹಿರಿಯರು, "ನನ್ನ ಲೆಕ್ಕ ಸಾಲದಾಯಿತು" ಎಂದರು. ಅಷ್ಟೇ.

ಆ ಮಾತಿಗೂ ನನಗೆ ಸಿಟ್ಟು ಬಂತು. ಬೈಯಬೇಕಿತ್ತು ಅವರು. ಮಣೆ ಎತ್ತಿ ಗೋಡೆಗೆ ಎಸೆಯಬೇಕಿತ್ತು. ಗೋಡೆಯ ಆಚೆ ಅಷ್ಟು ಹೊತ್ತಿಗೆ ಯಾರೋ ಹಾರ್ಮೋನಿಯಂ ಶ್ರುತಿ ಹಿಡಿಯುತ್ತಿದ್ದರು, ಸರಿಯಾದ ಆರು ಗಂಟೆಗೆ.

ಮರುದಿನ ಬೆಳಿಗ್ಗೆ ಬಾಸ್ ಜೊತೆ ಕಾರಿನಲ್ಲಿ ಮಿಶಿಗನ್ನಿಗೆ ಹೊರಟೆ. ಮುನ್ನೂರು ಮೈಲಿ. ಕ್ಯಾಲಮಜೂ ಹತ್ತಿರ ಕಾಫಿಗೆ ನಿಲ್ಲಿಸಿದಾಗ ಅವರು ಮೊದಲ ಬಾರಿ ಮಾತಾಡಿದರು. "ನಾನು ವಿಮಾನಗಳಿಗೆ ಮಾತ್ರ ಕಿವಿಗೊಟ್ಟೆ" ಎಂದರು. ತಪ್ಪು ತಮ್ಮದೆಂದು ಅವರು ಹೊತ್ತುಕೊಳ್ಳುತ್ತಿದ್ದಾರೆ ಎಂದು ಗೊತ್ತಾಗಿ ನನಗೆ ಅಂಕಲ್ ಮೇಲೆ ಇನ್ನೂ ಉರಿದುಹೋಯಿತು. ಹೊರಬೇಕಾದವರನ್ನು ಬಿಟ್ಟು ಉಳಿದವರೆಲ್ಲ ಹೊರುತ್ತಿದ್ದರು.

ಅಂದಿನಿಂದ ನನ್ನ ನಿದ್ದೆ ಕೆಟ್ಟಿತು. ಕಣ್ಣು ಮುಚ್ಚಿದರೆ ಆ ರಾಜ, ಅಂಚಿನ ಮನೆ, ಮೇಲಿನ ಮನೆ. ನಾನು ಅದನ್ನು ಮೇಲಕ್ಕೆ ಇಡುತ್ತೇನೆ. ಬೆಳ್ಳಿ ಬರುತ್ತದೆ, ಆನೆ ಬರುತ್ತದೆ, ಕಾಲಾಳು ತರುಣನ ಬೆರಳಲ್ಲಿ ನಿಲ್ಲುತ್ತದೆ. ಬದುಕಿತು ಎನ್ನುವಷ್ಟರಲ್ಲಿ ಒನ್, ಟೂ, ತ್ರೀ. ಎದ್ದು ಕೂರುತ್ತಿದ್ದೆ.

"ಮತ್ತೆ ಆ ರಾಜನ ಹತ್ರ ಹೋಗಿದ್ಯಾ?" ಎನ್ನುತ್ತಿದ್ದರು ಮನೆಯವರು. "ನನಗೆ ಒಂದು ಕಪ್ ಚಹಾ ಆದರೂ ಮಾಡ್ಸು ಅವನ ಕೈಲಿ."

ಮಗಳು ಸ್ಕೂಲ್ ಬಸ್ಸಿಗೆ ಹೊರಡುತ್ತ, "ಅಮ್ಮೀ, ಇಟ್ಸ್ ಜಸ್ಟ್ ಎ ಗೇಮ್" ಎನ್ನುತ್ತಿದ್ದಳು. ಅವಳಿಗೆ ಸಾಕರ್ ಪಂದ್ಯದಲ್ಲಿ ರೆಫರಿ ತಪ್ಪು ಸೀಟಿ ಊದಿದ್ದಕ್ಕೆ ಎರಡು ದಿನ ಊಟ ಸೇರಿರಲಿಲ್ಲ. ನೆನಪಿಸಿದೆ. "ದಟ್ ವಾಸ್ ಡಿಫರೆಂಟ್" ಎಂದಳು.

ಡಿಸೆಂಬರಿನಲ್ಲಿ ಸಂಘದ ವಾರ್ತಾಪತ್ರ ಬಂತು. ದೀಪಾವಳಿ ವರದಿಯ ಮೊದಲ ಸಾಲಿನಲ್ಲೇ, ಸಂಘದ ಇತಿಹಾಸದಲ್ಲಿ ಮೊದಲ ಬಾರಿಗೆ ಧ್ವನಿವ್ಯವಸ್ಥೆ ನಿಗದಿತ ಸಮಯಕ್ಕಿಂತ ಒಂದು ಗಂಟೆ ಮುಂಚೆಯೇ ಸಿದ್ಧವಾಗಿತ್ತೆಂದೂ ಇದು ಕಾರ್ಯಕರ್ತರ ಶಿಸ್ತಿಗೆ ಸಾಕ್ಷಿಯೆಂದೂ ಬರೆದಿದ್ದರು. ಅದನ್ನು ಹಿಡಿದುಕೊಂಡೇ ಲೈಲ್‌ಗೆ ಫೋನ್ ಮಾಡಿದೆ.

"ಅಂಕಲ್, ಅವತ್ತು ನಿಮ್ಮ ಮಾತು ಅಂದಿದ್ರಿ."

"ಇನ್ನೂ ಅದೇ ಹಿಡ್ಕೊಂಡಿದೀರಾ? ಯಾಕಮ್ಮಾ ಇಷ್ಟು ಹಚ್ಕೋತೀರಾ? ಬೇಕಂತ ಮಾಡಿದ್ದಾ?"

"ಬೇಕಂತ ಮಾಡಿದ್ರೆ ಬೈದು ಮರೀತಿದ್ದೆ. ಒಂದು ಫೋನ್ ಮಾಡಿ ಆ ಹುಡುಗನಿಗೆ ಹೇಳೋದು ನಿಮಗೆ ಬೇಡವಾಯ್ತಲ್ಲ, ಅದಕ್ಕೆ."

"ಸರಿ, ಸಾರಿ ಅಂತ್ಲೇ ಇಟ್ಕೊಳಿ" ಎಂದರು.

ಇಟ್ಟುಕೊಳ್ಳಲಿಲ್ಲ. ಫೋನ್ ಇಟ್ಟೆ.

ಅತ್ತ ಜಪಾನಿನಲ್ಲಿ ಸರಣಿ ಸಾಗಿತ್ತು. ಅಲ್ಲಿ ಸಂಜೆ ಮುಗಿದ ಪಂದ್ಯದ ನಡೆಗಳು ಇಲ್ಲಿ ನಾವು ಆಫೀಸು ಸೇರುವ ಹೊತ್ತಿಗೆ ಇಂಟರ್ನೆಟ್‌ನಲ್ಲಿ ಇರುತ್ತಿದ್ದವು. ಹಿರಿಯರು ಎರಡನೆಯದನ್ನೂ ಸೋತರು. ಮೂರನೆಯದು, ನಾಲ್ಕನೆಯದು ಗೆದ್ದರು. ಐದು ಸೋತು ಆರು ಗೆದ್ದರು. ಮೂರು ಮೂರು. ನಮ್ಮ ಮೈಕು ಇಲ್ಲದಿದ್ದರೆ ಹಿರಿಯರಿಗೆ ನಾಲ್ಕಾಗಿ ಆಗಲೇ ಮುಗಿದಿರುತ್ತಿತ್ತು ಎಂದು ನಾನು ಸಿಕ್ಕವರಿಗೆಲ್ಲ ಹೇಳಿದೆ. ಆಫೀಸಿನಲ್ಲಿ ಅದು ಯಾರಿಗೂ ಅರ್ಥವಾಗಲಿಲ್ಲ, ಬಾಸ್ ಒಬ್ಬರನ್ನು ಬಿಟ್ಟು. ಅವರು ಅದನ್ನು ಕೇಳಲು ಇಷ್ಟಪಡಲಿಲ್ಲ.

ಏಳನೆಯ ಪಂದ್ಯದ ಎರಡನೆಯ ದಿನ ಮುಗಿದ ಬೆಳಿಗ್ಗೆ ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟ್, ಪಾರ್ಕಿಂಗ್ ಲಾಟ್ ತುಂಬ ಹಿಮ ಕರಗಿಸಲು ಎರಚಿದ ಉಪ್ಪು. ಬಾಸ್ ಕೋಟು ಬಿಚ್ಚದೆ ಕಂಪ್ಯೂಟರ್ ಮುಂದೆ ಕೂತಿದ್ದರು. ಫಲಿತಾಂಶ ನೋಡದೆ ಮೊದಲಿನಿಂದ ನಡೆಗಳನ್ನು ಒಂದೊಂದಾಗಿ ಮಣೆಯ ಮೇಲೆ ಇಡುವುದು ನಮ್ಮ ಪದ್ಧತಿ. ಹತ್ತು ನಡೆ ಇಟ್ಟಾಗಲೇ ಇಬ್ಬರೂ ಮುಖ ನೋಡಿಕೊಂಡೆವು. ಆನೆ ಎಡಕ್ಕೆ, ರಾಜ ಬಲಕ್ಕೆ, ಆ ಕಡೆ ಗುಹೆ. ಅರ್ಧ ಕಟ್ಟಿದ ಕೋಟೆ, ನಡುಮಣೆಗೆ ನುಗ್ಗಿದ ಬೆಳ್ಳಿ. ಡೆಸ್ ಪ್ಲೇನ್ಸ್‌ನ ಆಟವನ್ನೇ ಹಿರಿಯರು ಮತ್ತೆ ತೆಗೆದಿದ್ದರು. ಕೊನೆಯ ಪಟ್ಟದ ಕೊನೆಯ ಪಂದ್ಯದಲ್ಲಿ, ಸೋತ ದಾರಿಯಲ್ಲೇ.

ತರುಣನೂ ದಡ್ಡನಲ್ಲ. ಆನೆ ಕೊಡುವ ಘಟ್ಟಕ್ಕೆ ಮೊದಲೇ ಅವನು ಬೇರೆ ನಡೆ ಹುಡುಕಿಟ್ಟಿದ್ದ. ಆಟ ಹೊಸ ದಿಕ್ಕಿಗೆ ಹೊರಳಿತು. ಈ ಸಲ ಗುಹೆ ಬಿರುಕು ಬಿಡಲು ಬಹಳ ತಡವಾಯಿತು, ಅಷ್ಟರಲ್ಲಿ ಹಿರಿಯರ ಕೋಟೆ ಪುಡಿಯಾಗಿತ್ತು. ಮತ್ತೆ ಒಂದು ನಿಮಿಷದ ಎಣಿಕೆ. ಮತ್ತೆ ಓಡುವ ರಾಜ. ಮತ್ತೆ ಶಹ, ಮತ್ತೆ ಎರಡು ದಾರಿ: ಅಂಚು, ಇಲ್ಲವೇ ಶತ್ರುಗಳ ನಡುವೆ ಮೇಲಕ್ಕೆ. ತರುಣನ ಕೈಯಲ್ಲಿ ಏನಿದೆ ಎಂದು ನೋಡಿದೆ. ಒಂದು ಕಾಲಾಳು.

ಬಾಸ್ ಪರದೆಯ ಮೇಲಿನ ವರದಿಯ ಸಾಲನ್ನು ಬೆರಳಿಟ್ಟು ಓದಿದರು. "ಐವತ್ತು. ಒಂದು, ಎರಡು, ಮೂರು... ಎಂಟು ಎನ್ನುವವರೆಗೆ ಕೈ ಅಲುಗಲಿಲ್ಲ ಎಂದು ಬರೆದಿದ್ದಾರೆ." ಆಮೇಲೆ ರಾಜನನ್ನು ತಾವೇ ಎತ್ತಿ ಮೇಲಿನ ಮನೆಯಲ್ಲಿ ಇಟ್ಟರು. ಕಾಯಿ ಮರಕ್ಕೆ ತಾಗಿ ಟಕ್ ಎಂದಿತು.

ಕಾಲಾಳು ಕೆಳಗಿಳಿಯಲಾರದೆ ಹೋಯಿತು. ಮುಂದಿನ ಸರದಿಗೆ ಹಿರಿಯರು ಗುಹೆಯ ಬಾಯಿಗೆ ಚಿನ್ನ ಇಳಿಸಿದರು. ತರುಣ ತಲೆಬಾಗಿದ. ಪಟ್ಟ ಉಳಿಯಿತು.

ಬಾಸ್ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡು ಮೀಟಿಂಗಿಗೆ ಹೋದರು. ನಾನು ಮಣೆಯ ಮುಂದೆ ಇನ್ನೂ ಸ್ವಲ್ಪ ಹೊತ್ತು ಕೂತಿದ್ದೆ.

ಅದೇ ಮಧ್ಯಾಹ್ನ ಸಂಘದಿಂದ ಸಂಕ್ರಾಂತಿಯ ಆಹ್ವಾನ ಇಮೇಲಿನಲ್ಲಿ ಬಂತು: ಸಂಜೆ ಆರು ಗಂಟೆಗೆ, ಎಲ್ಲರೂ ಬನ್ನಿ, ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡೋಣ. ಎಲ್ಲರಿಗೂ ಕಾಣುವಂತೆ ಉತ್ತರ ಬರೆದೆ: ಎಲ್ಲಿಯ ಆರು? ಸೌಂಡ್‌ನವರಿಗೆ ಹೇಳಿದ್ದೀರಾ, ಅಥವಾ ಹೇಳಿದಿರಿ ಅಂತ ಇಟ್ಟುಕೊಳ್ಳಬೇಕಾ? ಕಳಿಸಿದೆ. ಅಂಕಲ್ ಮೇಲಿನ ಸಿಟ್ಟು ಒಂದು ಗುಲಗಂಜಿಯಷ್ಟೂ ಇಳಿದಿರಲಿಲ್ಲ, ಈಗಲೂ ಇಳಿದಿಲ್ಲ.

ಮನೆಗೆ ಹೋಗಿ, ಊಟ ಮಾಡಿ, ಪಾತ್ರೆಗಳನ್ನು ಸಿಂಕಿನಲ್ಲೇ ಬಿಟ್ಟು ಮಲಗಿದೆ. ಕಣ್ಣು ಮುಚ್ಚಿದೆ. ರಾಜ ಮೇಲಿನ ಮನೆಯಲ್ಲಿತ್ತು, ಸುತ್ತಲೂ ಶತ್ರುಗಳು, ಗೋಡೆಯ ಆಚೆ ಸದ್ದಿಲ್ಲ. ಆಮೇಲೆ ಕಿವಿಗೆ ಬಿದ್ದದ್ದು ಮಗಳ ದನಿ. "ಅಮ್ಮೀ, ವೇಕ್ ಅಪ್, ಐ ಮಿಸ್ಡ್ ದ ಬಸ್!" ಬೆಳಗಾಗಿತ್ತು.